ಚಿಕ್ಕತಾಯಿ ವಾದಕ್ಕೆ ನೀರು ಹುಯ್ದು ನೋಡಿದ್ದು

ಏಳು ಹಳ್ಳಿ ದಾಟಿ ಎಂಟನೇ ಊರಲ್ಲಿ, ಹೊಳೆ ದಂಡೆ ಮೇಲೆ, ಒಬ್ಬ ಮುಂಗೋಪಿ ರಾಜ ಇದ್ದನಂತೆ. ಅದೇ ಊರಲ್ಲಿ ಬಿದಿರಿನ ಹರಿಗೋಲು ಹೆಣೆಯೋ ಚಿಕ್ಕತಾಯಿ ಅನ್ನೋ ಮುದುಕಿ. ಹೆಣೆದಿದ್ದನ್ನ ಹಾಗೇ ಮಾರೋಳಲ್ಲ. ಕಲ್ಲ ಮೇಲೆ ಎತ್ತಿಟ್ಟು, ಒಳಗೆ ನೀರು ಹುಯ್ದು, ಅಡಿಯಲ್ಲಿ ಮಲಗಿ ನೋಡೋಳು. ಒಂದು ಹನಿ ಸೋರಿದರೂ ಬಿಚ್ಚಿ ಮತ್ತೆ ಹೆಣೆಯೋಳು. ದೇವರು ಅಂದರೆ ಅವಳಿಗೆ ಪ್ರಾಣ. ಸಂಜೆ ಗುಡಿಗೆ ದೀಪ ಹಚ್ಚದೆ ತುತ್ತು ಮುಟ್ಟೋಳಲ್ಲವಂತೆ.

ಒಂದಿನ ಮುದ್ದಯ್ಯ ಅನ್ನೋ ಬಳೆಗಾರ ಸಂತೇಲಿ ನಿಂತು, "ದೇವರೂ ಇಲ್ಲ, ದಿಂಡರೂ ಇಲ್ಲ" ಅಂದುಬಿಟ್ಟ. ರಾಜ ಕೆಂಡವಾದ. "ಹೊತ್ತು ಮುಳುಗೋದ್ರೊಳಗೆ ಇವನ ವಾದ ಯಾರಾದರೂ ಮುರಿದರೆ ಇವನ ತಲೆ ತೆಗೆಸ್ತೀನಿ. ಮುರೀದಿದ್ದರೆ ಗುಡಿ ಬಾಗಿಲಿಗೆ ಗೋಡೆ ಕಟ್ಟಿಸ್ತೀನಿ!" ಎಂಥ ಪಂಥ ನೋಡಿ!

ಪಂಡಿತರು ಬಂದರು. ಒಬ್ಬ ಅಂದ, "ನಮ್ಮಜ್ಜ ಮುತ್ತಜ್ಜ ಎಲ್ಲಾ ನಂಬಿದ್ದರು. ಅದಕ್ಕೇ ದೇವರಿದ್ದಾನೆ."

ಜನ ಭೇಷ್ ಅಂದರು. ಚಿಕ್ಕತಾಯಿ ಎದ್ದಳು. "ಈ ಮಾತು ಸೋರ್ತದೆ ಸ್ವಾಮಿ. ನಮ್ಮಜ್ಜ ಈ ಹೊಳೆ ಮಡುವಿಗೆ ತಳಾನೇ ಇಲ್ಲ ಅಂತಿದ್ದ. ಗಳ ಇಳಿಸಿ ನೋಡಿದೆ, ಎರಡಾಳುದ್ದ ಅಷ್ಟೆ."

ಇನ್ನೊಬ್ಬ ಅಂದ, "ಹೊಳೆ ಉಕ್ಕಿ ಊರೆಲ್ಲ ಕೊಚ್ಚಿಹೋದಾಗ ಗುಡಿ ಉಳೀಲಿಲ್ಲವೇ?"

"ಇದೂ ಸೋರ್ತದೆ. ಹೆಂಡದಂಗಡೀನೂ ಉಳೀತಲ್ಲ!"

ಎಲಾ ಇವಳ, ದೇವರ ಕಡೆಯವಳಾಗಿ ದೇವರ ಕಡೆ ಮಾತೇ ಮುರೀತಾಳಲ್ಲ ಅಂತ ಜನ ಬಯ್ದರಂತೆ.

ಬಳೆಗಾರ ನಕ್ಕ. "ಮೂರು ಹಗಲು ಮೂರು ರಾತ್ರಿ ದೇವರನ್ನ ಕೂಗಿದೆ. ಬರಲಿಲ್ಲ. ಅದಕ್ಕೇ ಇಲ್ಲ."

"ನಮ್ಮನೆ ಕೋಳೀನೂ ಕೂಗಿದರೆ ಬರಲ್ಲ ಕಣಪ್ಪ. ಕೋಳಿ ಇಲ್ಲ ಅನ್ನಲಾ?"

"ಮುರೀತು!" ಅಂತ ರಾಜ ಕತ್ತಿಗೆ ಕೈ ಹಾಕಿದ.

"ತಾಳಿ ಬುದ್ಧಿ. ಅದು ಅವನ ಹೊಟ್ಟೆಯೊಳಗಿನ ಮಾತಲ್ಲ. ನಿಜ ಹೇಳಪ್ಪ, ಯಾಕೆ ಇಲ್ಲ ಅಂತೀಯ?"

ಮುದ್ದಯ್ಯನ ನಗು ಹೋಯ್ತು. "ಆರು ವರ್ಷದ ಮಗಳು ಕಣವ್ವ. ಜ್ವರದಲ್ಲಿ ನರಳಿ ನರಳಿ ಹೋಯ್ತು. ಅದೇನು ಪಾಪ ಮಾಡಿತ್ತು? ಅವನಿದ್ದಿದ್ದರೆ ಸುಮ್ಮನೆ ನೋಡ್ತಿದ್ದನಾ?"

ಪಂಡಿತರು ಹಿಂದಿನ ಜನ್ಮದ ಕರ್ಮ ಅನ್ನೋಕೆ ಬಾಯಿ ತೆರೆದರು. ಚಿಕ್ಕತಾಯಿ ಕಣ್ಣು ಕೆಕ್ಕರಿಸಿದಳು, ಮುಚ್ಚಿಕೊಂಡರು. ಮುದ್ದಯ್ಯನ ಮಾತನ್ನ ಅವಳು ಹಿಂದೆ ನೋಡಿದಳು, ಮುಂದೆ ನೋಡಿದಳು. ಅತ್ತ ಗುಡಿ ಮುಂದೆ ಗೋಡೆಗೆ ಅಂತ ಕಲ್ಲು ಮಣ್ಣು ಬಂದು ಬಿದ್ದಿದ್ದವು. "ಸೋರ್ತದೆ" ಅಂತ ಒಂದು ಸುಳ್ಳು ಹೇಳಿದ್ದರೆ ಗುಡಿ ಉಳಿಯೋದು. ಕಣ್ಣೀರು ಒರೆಸಿಕೊಂಡು ಅಂದಳಂತೆ, "ಇದು ಸೋರಲ್ಲ ಬುದ್ಧಿ. ನನ್ನ ಹತ್ರ ಉತ್ತರ ಇಲ್ಲ."

"ಒಂದು ಸುಳ್ಳು ಹೇಳೋಕಾಗಲಿಲ್ಲವೇ?" ರಾಜ ಗುಡುಗಿದ.

"ಸುಳ್ಳಾಡಿ ಇವನ ತಲೆ ತೆಗೆಸಿ, ಯಾವ ಮುಖ ಇಟ್ಕೊಂಡು ದೇವರ ಮುಂದೆ ಕೈ ಮುಗೀಲಿ?"

ಬಳೆಗಾರ ಬೆಪ್ಪಾದ. "ಮತ್ತೆ ನೀನು ಯಾಕವ್ವ ನಂಬ್ತೀಯ?"

"ಬಿದಿರು ಬೀಜದಿಂದ ಬಂತು, ಬೀಜ ಬಿದಿರಿಂದ ಬಂತು. ಏನೂ ಇಲ್ಲದೇನೇ ಇರಬಹುದಿತ್ತಲ್ಲ, ಇಷ್ಟೆಲ್ಲ ಯಾಕೆ ಐತೆ? ಅದನ್ನ ನೆನೆದರೆ ಕೈ ತಾನಾಗೇ ಮುಗೀತದೆ."

ಬಳೆಗಾರ ರಾಜನ ಕಡೆ ತಿರುಗಿ ಅಂದನಂತೆ, "ನನಗೆ ನಂಬಿಕೆ ಬರಲಿಲ್ಲ ಬುದ್ಧಿ. ಆದರೆ ಇದನ್ನ ಮುರಿಯೋಕೂ ಆಗ್ತಿಲ್ಲ. ನಾನು ಗೆದ್ದಿಲ್ಲ. ಗೋಡೆ ಕಟ್ಟಿಸಬೇಡಿ."

ಎಂಥ ಜನ ಕಣ್ರಪ್ಪ! ಇಬ್ಬರೂ ತಂತಮ್ಮ ವಿರುದ್ಧವೇ ನಿಜ ಹೇಳಿದರು. ರಾಜ ನಾಚಿಕೊಂಡು ಕತ್ತಿ ಒಳಗಿಟ್ಟ, ಗೋಡೆ ಕಟ್ಟೋರನ್ನ ಮನೆಗೆ ಕಳಿಸಿದ.

ಜನ ಕರಗಿದ ಮೇಲೆ ಚಿಕ್ಕತಾಯಿ ಬಳೆಗಾರನ ಪಕ್ಕ ಕೂತು ಕೇಳಿದಳಂತೆ, "ಮಗಳ ಹೆಸರೇನಪ್ಪ?"

ಅಷ್ಟು ಜನ ಇಡೀ ದಿನ ವಾದ ಮಾಡಿದರಲ್ಲ, ಅದನ್ನ ಒಬ್ಬರೂ ಕೇಳಿರಲಿಲ್ಲ. "ಚಂದ್ರಿ" ಅಂದ, ಅಂದು ಗೊಳೋ ಅಂತ ಅತ್ತ.

ಅವರು ಆ ದಂಡೇಲಿ ಚೆನ್ನಾಗಿದ್ದರಂತೆ, ನಾವು ಈ ದಂಡೇಲಿ ಅವರ ಕತೆ ಹೇಳ್ಕೊಂಡು ಚೆನ್ನಾಗಿದ್ದೀವಿ.