ಕತ್ತೆ ಮತ್ತೆ ಓದಲು ಹೊರಟದ್ದು

ಮಡಿವಾಳಯ್ಯ ವ್ಯಾನು ಕೊಂಡ ದಿನವೇ ಅವನ ಕತ್ತೆಯ ಕೆಲಸ ಹೋಯಿತು. ಬೇರೆ ಕೆಲಸ ಕೇಳಿಕೊಂಡು ಹೋದರೆ ಇಟ್ಟಿಗೆ ಗೂಡಿನವರು, ಮರಳಿನವರು, ಸರ್ಕಸ್ಸಿನವರು ಎಲ್ಲರೂ "ತಿಳಿಸುತ್ತೇವೆ" ಎಂದರು, ಯಾರೂ ತಿಳಿಸಲಿಲ್ಲ.

ಸೋತ ಕತ್ತೆ, ಶಾಲೆಯ ಅಂಗಳದಲ್ಲಿ ಪುಸ್ತಕ ಮೇಯುತ್ತಿದ್ದ ಮೇಕೆಯ ಬಳಿಗೆ ಬಂತು. "ಮೇಕೆಯಕ್ಕ, ಮತ್ತೆ ಶಾಲೆಗೆ ಸೇರೋಣ ಅಂತಿದ್ದೇನೆ. ಓದಿದ್ದರಿಂದ ನಿಮಗೇನು ದಕ್ಕಿತು?"

"ಇತಿಹಾಸ, ವ್ಯಾಕರಣ ದಕ್ಕಿವೆ. ಗಣಿತ ಮಾತ್ರ ಅರಗಲಿಲ್ಲ."

"ಕೆಲಸ ಸಿಕ್ಕಿತೇ?"

"ಹುಚ್ಚಪ್ಪಾ, ಓದುತ್ತಿರುವವರನ್ನು ಯಾರೂ ಆ ಪ್ರಶ್ನೆ ಕೇಳುವುದಿಲ್ಲ. ಅದಕ್ಕೇ ಹತ್ತು ವರ್ಷದಿಂದ ಓದುತ್ತಿದ್ದೇನೆ."

ದುಃಖ ತಡೆಯಲಾರದೆ ಕತ್ತೆ ಗಟ್ಟಿಯಾಗಿ ಅರಚಿತು. ಆಡುತ್ತಿದ್ದ ಮಕ್ಕಳೆಲ್ಲ ಬೆಚ್ಚಿ ತರಗತಿಗೆ ಓಡಿದರು. ಹೆಡ್‌ಮೇಷ್ಟ್ರು ಹೊರಗೆ ಬಂದು, "ನಮ್ಮ ಗಂಟೆ ಒಡೆದು ತಿಂಗಳಾಯಿತು. ನಾಳೆಯಿಂದ ಹತ್ತಕ್ಕೆ ಸರಿಯಾಗಿ ಬಂದು ಹೀಗೇ ಅರಚಪ್ಪ" ಎಂದರು.

"ಸೀಟು ಸಿಕ್ಕಿತೇ?" ಎಂದಿತು ಮೇಕೆ.

"ಇಲ್ಲ ಅಕ್ಕ, ಕೆಲಸ ಸಿಕ್ಕಿತು."

"ಅಯ್ಯೋ ಪಾಪ!" ಎಂದು ಮೇಕೆ ಇನ್ನೊಂದು ಹಾಳೆ ಕಿತ್ತಿತು.