ಒಂಟಿಬಾಗಿಲಿನ ತಿರುವು

ದೇವನಹಳ್ಳಿಯಿಂದ ಆಚೆ, ದ್ರಾಕ್ಷಿ ತೋಟಗಳು ಒಂದೊಂದಾಗಿ ಕಾಂಪೌಂಡ್ ಗೋಡೆಗಳಾಗುತ್ತ ಹೋದ ದಾರಿಯಲ್ಲಿ, ತಗ್ಗಲಸಂದ್ರದ ದಿಣ್ಣೆಯ ಮೇಲೆ ಈಗ ಮೊಂತಾಲ್ಬಾ ಎಂಬ ಬಡಾವಣೆ ನಿಂತಿದೆ. ಹೆಬ್ಬಾಗಿಲಿಗೆ ರೋಮನ್ ಕಮಾನು, ಅದರ ಅಕ್ಕಪಕ್ಕ ಸಿಮೆಂಟಿನ ಸಿಂಹಗಳು. ಒಳಗೆ ಹೋದರೆ ಒಂದು ಸಾಲು ಇಟಲಿಯ ಮಾದರಿಯ ಮನೆಗಳು, ಕೆಂಪು ಹೆಂಚು ಮತ್ತು ಗೋಧಿಬಣ್ಣದ ಗೋಡೆಗಳವು. ಎದುರು ಸಾಲು ಫ್ರೆಂಚ್ ಮಾದರಿಯದು. ಹಿಮ ಜಾರಿಹೋಗಲೆಂದು ಮಾಡುವ ಕಡಿದಾದ ಕಪ್ಪು ಮಾಡು ಅವಕ್ಕೆ ಇದೆ. ಹಿಮವನ್ನು ಈ ಊರು ಕಂಡಿಲ್ಲ. ಇಂಗ್ಲಿಷ್ ಮನೆಗಳ ಬಿಳಿಯ ಕಂಬಗಳ ನಡುವೆ ಮಡಚುವ ಸ್ಟ್ಯಾಂಡಿನ ಮೇಲೆ ಟವೆಲ್‌ಗಳು ಒಣಗುತ್ತಿರುತ್ತವೆ, ಸ್ಪ್ಯಾನಿಷ್ ಮನೆಗಳ ಕಬ್ಬಿಣದ ಬಾಲ್ಕನಿಯಿಂದ ಕರಿಬೇವು ಇಣುಕುತ್ತದೆ. ಕಮಾನಿನಿಂದ ಗುಮ್ಮಟದ ಕ್ಲಬ್‌ಹೌಸಿನವರೆಗೆ, ಎರಡೂ ಬದಿಗೆ ಸೈಪ್ರೆಸ್ ಮರಗಳಿರುವ ಅಗಲವಾದ ರಸ್ತೆ ದಾರ ಹಿಡಿದಂತೆ ಸಾಗುತ್ತದೆ. ಆದರೆ ಅರ್ಧ ದಾರಿಯಲ್ಲಿ ಅದು ಇದ್ದಕ್ಕಿದ್ದಂತೆ ಬಲಕ್ಕೆ ಹೊರಳಿ, ಎಡಕ್ಕೆ ತಿರುಗಿ, ಮತ್ತೆ ಎಡಕ್ಕೆ ಬಂದು, ತನ್ನ ಹಳೆಯ ಗೆರೆಯನ್ನೇ ಸೇರಿಕೊಳ್ಳುತ್ತದೆ. ಉದ್ಯಾನಗಳಲ್ಲಿ ಮಾಡುವ ಸುಂದರ ಬಾಗು ಅಲ್ಲ ಅದು. ಮೂಲೆ ಮೂಲೆಯಾಗಿ ಮುರಿದ ತಿರುವು. ಕಾರಿನಲ್ಲಿ ಕೂತವರ ಭುಜಕ್ಕೆ ಭುಜ ತಾಕುತ್ತದೆ. ತಿರುವು ಸುತ್ತುವರಿದ ಜಾಗದಲ್ಲಿ ಕಾರಂಜಿಯಿಲ್ಲ, ಪ್ರತಿಮೆಯಿಲ್ಲ, ಒಂದು ಹೂವಿನ ಗಿಡವೂ ಇಲ್ಲ. ಗುಡಿಸಿ ಚೊಕ್ಕಟ ಮಾಡಿದ ಬರಿ ನೆಲ, ಮತ್ತು ಅದರ ಮೂಡಣ ಅಂಚಿನಲ್ಲಿ, ನಡುಭಾಗ ಸವೆದು ಹಳ್ಳಬಿದ್ದ ಒಂದು ಕಪ್ಪು ಹೊಸ್ತಿಲು ಕಲ್ಲು. ಹಿತ್ತಾಳೆಯ ಫಲಕದಲ್ಲಿ ಆ ಜಾಗಕ್ಕೆ ಇಟಲಿಯ ಹೆಸರೊಂದನ್ನು ಬರೆದಿದ್ದಾರೆ. ಹಾಲಿನವರು, ಡ್ರೈವರುಗಳು, ಈಗೀಗ ಅಲ್ಲಿನ ನಿವಾಸಿಗಳು ಕೂಡ ಅದನ್ನು ಕರೆಯುವುದು ಒಂಟಿಬಾಗಿಲು ಎಂದೇ.

ಹಿಂದೆ ಒಮ್ಮೆ, ಈ ಸೀಮೆಗೆ ರೈಲು ಇನ್ನೂ ಬಂದಿರದ ಕಾಲದಲ್ಲಿ, ತಗ್ಗಲಸಂದ್ರದ ಭೂಮಿಯೆಲ್ಲ ಜೋಡಿದಾರ ಸಿದ್ಧವೀರಯ್ಯನವರ ಕೈಕೆಳಗಿತ್ತಂತೆ. ಜೋಡಿದಾರರು ಕೆಟ್ಟವರಲ್ಲ. ಅವರಿಗೆ ಹಿಡಿದದ್ದು ಒಂದೇ ಹುಚ್ಚು. ಬೆಂಗಳೂರಿನ ದಂಡಿನ ಕಡೆ ಯಾವುದೋ ಕೆಲಸಕ್ಕೆ ಹೋದವರು ಅಲ್ಲಿ ಪರಂಗಿ ದೊರೆಯೊಬ್ಬನ ಬಂಗಲೆ ನೋಡಿ ಬಂದರು. ಸಾಲುಕಂಬದ ಮುಖಮಂಟಪ, ಬಾಗಿಲ ಮೇಲೆ ಮುಕ್ಕೋನದ ನೆತ್ತಿ, ಎಡಕ್ಕೆ ಏನಿದೆಯೋ ಬಲಕ್ಕೂ ಅದೇ. ಅಂಥದೇ ಮನೆಯ ನಕ್ಷೆಯನ್ನು ಬರೆಸಿಕೊಂಡು ತಂದು, ದಿಣ್ಣೆಯ ನೆತ್ತಿಯಲ್ಲಿ ಕಟ್ಟಿಸಲು ಶುರು ಮಾಡಿದರು. ನಕ್ಷೆಯಲ್ಲಿ ಹೆಬ್ಬಾಗಿಲಿನಿಂದ ಮುಖಮಂಟಪಕ್ಕೆ ಒಂದು ನೇರ ದಾರಿಯಿತ್ತು. ನೂಲು ಹಿಡಿದು ಗುರುತು ಹಾಕಿದಾಗ ಆ ದಾರಿಯ ನಟ್ಟನಡುವೆ ಪಿಳ್ಳಮ್ಮನ ಮನೆ ಬಂತು.

ಪಿಳ್ಳಮ್ಮ ಗಂಡ ತೀರಿಹೋದ ಹೆಂಗಸು. ಕಡಲೆಪುರಿ ಹುರಿದು ಸುತ್ತಲ ಸಂತೆಗಳಿಗೆ ಹೊತ್ತು ಮಾರುತ್ತಿದ್ದವಳು. ಮನೆಯೆಂದರೆ ನಾಲ್ಕು ಮಣ್ಣಿನ ಗೋಡೆ, ಮೇಲೆ ಹುಲ್ಲಿನ ಸೂರು, ಮೂಡಲಿಗೆ ಒಂದೇ ಬಾಗಿಲು. ಹಿತ್ತಲಿಗೆ ಇನ್ನೊಂದು ಬಾಗಿಲಿಡಬೇಕು ಎಂದುಕೊಂಡೇ ಅವಳ ಗಂಡ ಹೋಗಿಬಿಟ್ಟಿದ್ದ. ಆ ಬೇಸಿಗೆಯಲ್ಲಿ ಅವಳು ತನ್ನ ಒಬ್ಬಳೇ ಮಗಳು ಈರಮ್ಮನನ್ನು ಚೊಚ್ಚಲ ಹೆರಿಗೆಗೆ ಕರೆತರಲು ಬೀಗರ ಊರಿಗೆ ಹೋಗಿದ್ದಳು. ಬೀಗರು ಇದ್ದು ಹೋಗಿ ಎಂದು ಹಿಡಿದುಕೊಂಡರು. ಅದೇ ಹೊತ್ತಿಗೆ ಇಲ್ಲಿ ಜೋಡಿದಾರರ ಪಾರುಪತ್ತೇಗಾರ ಕೂಲಿಯವರನ್ನು ಕರೆಸಿ ಮನೆ ಕೆಡವಿಸಿದ. ಕೂಲಿಯವರು ಸೂರು ಬಿಚ್ಚಿದರು, ಗೋಡೆ ಉರುಳಿಸಿದರು, ಮಣ್ಣು ಹೊತ್ತು ಹಾಕಿದರು. ಅವಳ ಮಡಕೆ ಕುಡಿಕೆ, ಬೀಸುವ ಕಲ್ಲು, ಪುರಿ ಹುರಿಯುವ ಬಾಣಲೆಯನ್ನು ಹೊಂಗೆಮರದ ಬುಡದಲ್ಲಿ ಅಂದವಾಗಿ ಜೋಡಿಸಿಟ್ಟರು. ಹೊಸ್ತಿಲಿಗೆ ಮಾತ್ರ ಹಾರೆ ಹಾಕಲಿಲ್ಲ. ಮನೆಯ ಹೆಂಗಸು ಎದುರಿಗಿಲ್ಲದೆ ಹೊಸ್ತಿಲು ಕೀಳುವುದು ಅವರ ರೂಢಿಯಲ್ಲಿರಲಿಲ್ಲ. "ಗೇಣುದ್ದ ಕಲ್ಲು, ಬಿಡಿ, ಅದರ ಮೇಲೆ ಸಾರೋಟು ಹತ್ತಿ ಇಳೀತದೆ" ಎಂದು ಪಾರುಪತ್ತೇಗಾರ ಸುಮ್ಮನಾದ. ಅವನು ಮಾಡಿದ ತಪ್ಪು ಅದೊಂದೇ ಎನ್ನುತ್ತಾರೆ.

ಬಿಸಿಲಿಳಿಯುವ ಹೊತ್ತಿಗೆ ತಾಯಿ ಮಗಳು ದಿಣ್ಣೆ ಹತ್ತಿ ಬಂದರು. ಈರಮ್ಮ ಸೊಂಟಕ್ಕೆ ಕೈಕೊಟ್ಟು ನಿಂತು ಸುತ್ತ ನೋಡಿ, "ಅವ್ವಾ, ದಾರಿ ತಪ್ಪಿದ್ವಾ?" ಎಂದಳು. ಪಿಳ್ಳಮ್ಮನೂ ನೋಡಿದಳು. ಎದುರಿಗೆ ಹೊಂಗೆಮರವಿತ್ತು, ಅದರ ಬುಡದಲ್ಲಿ ತನ್ನ ಬಾಣಲೆಯಿತ್ತು, ನಡುವೆ ಹೊಸ್ತಿಲಿತ್ತು. ಹೊಸ್ತಿಲಿನ ಮೇಲೆ ಅವಳೇ ಹೊರಡುವ ದಿನ ಹಚ್ಚಿದ ಅರಿಶಿನ ಇನ್ನೂ ಮಾಸಿರಲಿಲ್ಲ. ಅಳಬೇಕೆಂದು ಬಾಯಿ ತೆರೆದವಳು ಮಗಳ ಊದಿದ ಪಾದ ನೋಡಿ ಬಾಯಿ ಮುಚ್ಚಿದಳು. ಮರದ ಬುಡದಿಂದ ತನ್ನ ತಂಬಿಗೆ ತೆಗೆದು, ಬಂಡೆಯ ದೊಣೆಯಿಂದ ನೀರು ತುಂಬಿಕೊಂಡು ಬಂದಳು.

"ತಪ್ಪಿಲ್ಲ ಕಣೆ, ಇದೇ ನಮ್ಮನೆ. ಕಾಲು ತೊಳ್ಕೊ. ಬಲಗಾಲಿಟ್ಟು ಒಳಗೆ ಬಾ."

ಮರುದಿನ ಬೆಳಗ್ಗೆ ಪಿಳ್ಳಮ್ಮ ಎಂದಿನಂತೆ ಹೊಸ್ತಿಲು ತೊಳೆದು, ಅರಿಶಿನ ಕುಂಕುಮವಿಟ್ಟು, ಮುಂದೆ ರಂಗೋಲಿ ಬಿಟ್ಟಳು. ಗೋಡೆಯಿದ್ದ ಗೆರೆಗೆ ಸರಿಯಾಗಿ ಒಳಗಿನ ನೆಲವನ್ನಷ್ಟೇ ಸಾರಿಸಿದಳು. ಒಲೆಯ ಮೂಲೆಯಲ್ಲಿ ಒಲೆ ಹೂಡಿದಳು, ನೀರಿನ ಮೂಲೆಯಲ್ಲಿ ಗಡಿಗೆಯಿಟ್ಟಳು. ಸುದ್ದಿ ತಿಳಿದು ಪಾರುಪತ್ತೇಗಾರ ಬಂದ. ಬಂದವನು ಎಡಗಾಲನ್ನು ಹೊಸ್ತಿಲಿನ ಮೇಲಿಟ್ಟು, "ಊರೊಳಗೆ ಬುದ್ಧಿಯೋರು ನಿಂಗೆ ಹೆಂಚಿನ ಮನೆ ಕೊಡ್ತಾರೆ. ಇದಕ್ಕಿಂತ ಚೆನ್ನಾಗೈತೆ. ಎದ್ದು ನಡಿ" ಎಂದ.

"ಮೊದಲು ಹೊಸ್ತಿಲ ಮೇಲಿಂದ ಕಾಲು ತೆಗೀರಿ ಸ್ವಾಮಿ. ಮನೇಲಿ ಬಸುರಿ ಹೆಂಗಸು ಅವಳೆ" ಎಂದಳು ಪಿಳ್ಳಮ್ಮ, ಒಲೆಯಿಂದ ತಲೆಯೆತ್ತದೆ.

ಅವನ ಕಾಲು ತಾನಾಗಿ ಕೆಳಗಿಳಿಯಿತು. ಇಳಿದದ್ದು ಗೊತ್ತಾಗಿ ಅವನಿಗೆ ಇನ್ನಷ್ಟು ಸಿಟ್ಟು ಬಂತು. "ಗೋಡೆ ಇಲ್ದಿರೋ ಮನೆಗೆ ಹೊಸ್ತಿಲು ಬೇರೆ ಕೇಡು!"

"ಗೋಡೆ ಎಲ್ಲೋಯ್ತು ಅಂತ ನನ್ನ ಯಾಕೆ ಕೇಳ್ತೀರಿ? ಕೆಡವಿದೋರು ನೀವು. ಕೆಡವೋಕೆ ಮುಂಚೆ ಬಂದು ಕೇಳಿದ್ರೆ ಒಂದು ಮಾತು ಆಡ್ತಿದ್ದೆ."

ಅಲ್ಲಿ ಒಂದು ಗೂಟ ಕೂಡ ನೆಡಕೂಡದು, ಒಂದು ಹಿಡಿ ಹುಲ್ಲು ಹೊದಿಸಕೂಡದು ಎಂದು ಆಜ್ಞೆಯಾಯಿತು. ಪಿಳ್ಳಮ್ಮ ನೆಡಲಿಲ್ಲ, ಹೊದಿಸಲಿಲ್ಲ. ಮನೆಯೊಳಗೆ ಇರುವವಳಂತೆ ಇದ್ದಳು, ಅಷ್ಟೆ. ನೆರೆಯ ಕೆಂಪಕ್ಕ ಮೊದಲ ದಿನ ನಗಾಡುತ್ತಲೇ ಬಂದು, ಗಾಳಿಯಲ್ಲಿ ಬೆರಳು ಮಡಚಿ ತಟ್ಟಿ, "ಪಿಳ್ಳಕ್ಕಾ, ಬಾಗಿಲು ತೆಗಿಯೇ" ಎಂದಳು. "ತೆಗೆದೇ ಐತೆ, ತಲೆ ತಗ್ಗಿಸಿ ಬಾ, ತೊಲೆ ತಾಕ್ತದೆ" ಎಂದಳು ಪಿಳ್ಳಮ್ಮ. ಕೆಂಪಕ್ಕ ನಗುತ್ತಲೇ ತಲೆ ತಗ್ಗಿಸಿದಳು. ಮಾರನೆಯ ದಿನ ನಗದೆಯೂ ತಗ್ಗಿಸಿದಳಂತೆ. ಬಳೆಗಾರನೊಬ್ಬ ಅಡ್ಡದಾರಿ ಹಿಡಿದು ಮೂಲೆಯಿಂದ ನಡೆದುಬಂದಾಗ, "ಏನಯ್ಯಾ, ಗೋಡೆ ತೂರ್ಕೊಂಡು ಬರ್ತೀಯಲ್ಲ, ಬಾಗಿಲಿಲ್ವಾ?" ಎಂದು ಪಿಳ್ಳಮ್ಮ ಗದರಿದ ಮಾತು ಊರಲ್ಲೆಲ್ಲ ಹರಡಿತು. ಪಾಪ, ಅವನು ಬಳೆಯ ಮಲಾರ ಹೊತ್ತು ಸುತ್ತಿ ಬಂದು, ಹೊಸ್ತಿಲಾಚೆ ನಿಂತು ಕೆಮ್ಮಿ, ಕರೆದ ಮೇಲೆ ಒಳಗೆ ಬಂದ. ಆಮೇಲಾಮೇಲೆ ನೀರಿಗೆ ಹೋಗುವ ಹೆಂಗಸರು, ದನ ಹೊಡೆದುಕೊಂಡು ಹೋಗುವವರು, ಎಲ್ಲರೂ ಆ ಬಯಲನ್ನು ಬಳಸಿಯೇ ನಡೆದರು. ಬಂಗಲೆಗೆ ಕಲ್ಲು ಹೊರುವ ಕೂಲಿಯವರು ಕೂಡ ಹೊರೆ ಹೊತ್ತು ಸುತ್ತಿದರು. ಮನೆ ಕೆಡವಿದವರು ಅವರೇ. ಗೋಡೆ ಎಲ್ಲಿತ್ತೆಂದು ಅವರಿಗಿಂತ ಚೆನ್ನಾಗಿ ಬಲ್ಲವರು ಯಾರು?

ಆದರೆ ಪಡುವಣದಲ್ಲಿ ಮೋಡ ಕಟ್ಟತೊಡಗಿತ್ತು. ಈರಮ್ಮನ ದಿನವೂ ತುಂಬುತ್ತಿತ್ತು. ಒಂದು ಸಂಜೆ ಗಾಳಿ ಎದ್ದು ಒಲೆಯ ಬೂದಿಯೆಲ್ಲ ಹಾರಿ ಮಗಳ ಮುಖಕ್ಕೆ ಬಡಿಯಿತು. ಇದು ಹಟವೋ, ಮಗಳ ಜೀವದ ಮೇಲೆ ಆಡುವ ಆಟವೋ ಎಂದು ಪಿಳ್ಳಮ್ಮನಿಗೇ ತಿಳಿಯದಾಯಿತು. ಈರಮ್ಮ ಸೆರಗಿನಿಂದ ಮುಖ ಒರೆಸಿಕೊಂಡು ಮೆಲ್ಲಗೆ ಕೇಳಿದಳು: "ಊರೊಳಗಿನ ಹೆಂಚಿನ ಮನೆಗೇ ಹೋಗೋಣವೇನವ್ವ?"

ಪಿಳ್ಳಮ್ಮ ಹಾರಿದ ಬೂದಿಯನ್ನು ಒಲೆಗೆ ಗುಡಿಸಿದಳು. "ಅದು ಅವರ ಮನೆ ಮಗಾ. ಕೊಟ್ಟೋರು ನಾಳೆ ಇನ್ನೊಂದು ನಕ್ಷೆ ತಂದ್ರೆ ಅಲ್ಲಿಂದ್ಲೂ ಎಬ್ಬಿಸ್ತಾರೆ. ನೀನು ಎತ್ತಿಕೊಂಡು ಬರೋ ಕೂಸಿಗೆ ಅಜ್ಜಿಮನೆ ಅಂತ ಎಲ್ಲಿ ತೋರಿಸ್ಲಿ?" ಎಂದಳು. ಈರಮ್ಮ ಮತ್ತೆ ಆ ಮಾತು ಎತ್ತಲಿಲ್ಲ. ಎದ್ದು ಹೋಗಿ, ಗಾಳಿ ಬರುವ ಕಡೆಗೆ ಬೆನ್ನು ಮಾಡಿ, ಗೋಡೆಗೆ ಒರಗುವವಳಂತೆ ಕೂತಳು.

ಬಂಗಲೆಯ ಗೃಹಪ್ರವೇಶದ ದಿನ ಬಂತು. ಓಲಗ, ಛತ್ರಿ, ಸೀಮೆಯ ದೊಡ್ಡವರ ಸಾರೋಟುಗಳು. ಎಲ್ಲಕ್ಕೂ ಮುಂದೆ ಪಲ್ಲಕ್ಕಿಯಲ್ಲಿ ಜೋಡಿದಾರರ ತಾಯಿ ಹಾಲಮ್ಮನವರು. ಹೊಸ ಮನೆಗೆ ಮೊದಲ ಹೆಜ್ಜೆ ಆಕೆಯದೇ ಆಗಬೇಕಿತ್ತು. ಮೆರವಣಿಗೆ ನೇರ ದಾರಿಯಲ್ಲಿ ಬಂದು, ಹಸಿ ರಂಗೋಲಿಯ ಮುಂದೆ ನಿಂತುಬಿಟ್ಟಿತು. ಜೋಡಿದಾರರು "ದಾಟ್ರೋ" ಎಂದರು. ಪಲ್ಲಕ್ಕಿ ಹೊತ್ತವರು ಒಬ್ಬರ ಮುಖ ಒಬ್ಬರು ನೋಡಿಕೊಂಡರೇ ಹೊರತು ಕಾಲೆತ್ತಲಿಲ್ಲ. ಓಲಗ ತಾನಾಗಿ ನಿಂತಿತು. ಪಲ್ಲಕ್ಕಿಯ ಪರದೆ ಸರಿಯಿತು.

"ಯಾರ ಮನೆಯಪ್ಪಾ ಇದು?"

ಪಿಳ್ಳಮ್ಮ ಒಳಗಿನಿಂದ ಹೊಸ್ತಿಲವರೆಗೆ ಬಂದು ಕೈಮುಗಿದಳು. "ನಂದು ಅವ್ವಾರೇ. ಒಳಕ್ಕೆ ಬನ್ನಿ."

ಹಾಲಮ್ಮನವರು ಇಳಿದರು. ಕೊಟ್ಟ ನೀರಲ್ಲಿ ಕಾಲು ತೊಳೆದು, ಹೊಸ್ತಿಲು ಮುಟ್ಟಿ ಕಣ್ಣಿಗೊತ್ತಿಕೊಂಡು, ಬಲಗಾಲಿಟ್ಟು ಒಳಗೆ ಹೋಗಿ ಚಾಪೆಯ ಮೇಲೆ ಕೂತರು. ಬೆಲ್ಲ, ನೀರು ತೆಗೆದುಕೊಂಡರು. ಈರಮ್ಮನ ಹೊಟ್ಟೆಯನ್ನೂ ಆಕಾಶದ ಮೋಡವನ್ನೂ ಒಂದೇ ನೋಟದಲ್ಲಿ ನೋಡಿದರು. "ಎಷ್ಟು ತಿಂಗಳವ್ವ?"

"ತುಂಬೈತೆ ಅವ್ವಾರೇ, ಇವತ್ತೋ ನಾಳೆಯೋ" ಎಂದಳು ಪಿಳ್ಳಮ್ಮ.

ಹೊರಗೆ ಜೋಡಿದಾರರು ಚಡಪಡಿಸುತ್ತಿದ್ದರು. "ಅವ್ವಾ, ಮುಹೂರ್ತ ಮೀರ್ತದೆ. ಹಿಂಗೇ ಆ ಕಡೆಯಿಂದ ನೇರವಾಗಿ ಬಂದುಬಿಡಿ, ಬಂಗಲೆ ಎದುರಿಗೇ ಐತೆ."

ಹಾಲಮ್ಮನವರು ಪಿಳ್ಳಮ್ಮನ ಕಡೆ ತಿರುಗಿದರು. "ನಿಮ್ಮನೆಗೆ ಹಿತ್ತಲ ಬಾಗಿಲು ಐತೇನಮ್ಮಾ?"

ಐತೆ ಎಂದಿದ್ದರೆ ಎಲ್ಲವೂ ಅಲ್ಲಿಗೇ ಮುಗಿಯುತ್ತಿತ್ತು. ಪಲ್ಲಕ್ಕಿ ಆಚೆ ಹೋಗುತ್ತಿತ್ತು, ಅದರ ಹಿಂದೆ ಸಾರೋಟುಗಳು, ಸಾರೋಟಿನ ಹಿಂದೆ ದಾರಿ. ಜೋಡಿದಾರರ ಕಣ್ಣು ತನ್ನ ಮೇಲೇ ಇರುವುದು ಪಿಳ್ಳಮ್ಮನಿಗೆ ಗೊತ್ತಿತ್ತು. "ಇಲ್ಲ ಅವ್ವಾರೇ" ಎಂದಳು. "ಒಂದೇ ಬಾಗಿಲು."

"ಕೇಳಿಸ್ತೇನಪ್ಪಾ ಸಿದ್ಧವೀರು? ಗೋಡೆ ತೂರಿ ಬರೋಕೆ ನಿಮ್ಮವ್ವ ಏನು ದೆವ್ವವೇ?"

ಯಾರೋ ಹಿಂದಿನಿಂದ ಕಿಸಕ್ಕೆಂದರು. ಹಾಲಮ್ಮನವರು ಈರಮ್ಮನ ತಲೆ ಸವರಿ, ಬಂದ ಬಾಗಿಲಿನಿಂದಲೇ ಹೊರಬಂದು, ಪಲ್ಲಕ್ಕಿ ಹತ್ತದೆ, ಇಲ್ಲದ ಗೋಡೆಯನ್ನು ಕೈಯಲ್ಲಿ ಸವರುತ್ತ ನಡೆದಂತೆ ಆ ಮನೆಯನ್ನು ಬಳಸಿ ಹೋದರು. ಅವರ ಹಿಂದೆ ಪಲ್ಲಕ್ಕಿ, ಓಲಗದವರು, ಸಾರೋಟುಗಳು ಎಲ್ಲವೂ ಮೂಲೆ ಮೂಲೆ ತಿರುಗಿ ಹೋದವು. ಕೊನೆಗೆ ಜೋಡಿದಾರರೊಬ್ಬರೇ ಹೊಸ್ತಿಲಾಚೆ ಉಳಿದರು. ಕೈಯಲ್ಲಿದ್ದ ಬೆಳ್ಳಿಕಟ್ಟಿನ ಕೋಲನ್ನು ನೋಡಿಕೊಂಡು, "ಗೋಡೆ ಎಷ್ಟು ಎತ್ತರ ಇತ್ತು?" ಎಂದು ಕೇಳಿದರಂತೆ. ಪಿಳ್ಳಮ್ಮ ತುದಿಗಾಲಲ್ಲಿ ನಿಂತು ಕೈಯೆತ್ತಿ ತೋರಿಸಿದಳು. "ಇಷ್ಟಿತ್ತು ಬುದ್ಧಿ." ಇರಲಿಲ್ಲ, ಮೊಳ ಕಡಿಮೆಯೇ ಇತ್ತು ಎಂದು ಕೆಂಪಕ್ಕ ಆಮೇಲೆ ಎಲ್ಲರಿಗೂ ಹೇಳಿಕೊಂಡು ನಕ್ಕಳಂತೆ.

ಕೆಡವಿದ ಕೂಲಿಯವರೇ ಗೋಡೆ ಎಬ್ಬಿಸಿದರು. ಬಂಗಲೆಗೆ ಕೂಡಿಹಾಕಿದ್ದ ತೊಲೆಯಲ್ಲೇ ಎರಡನ್ನು ಇಳಿಸಿ ಆತುರಾತುರವಾಗಿ ಸೂರು ಕಟ್ಟಿದರು. ಹೊಸ ಹುಲ್ಲಿನ ಮೇಲೆ ಮೊದಲ ಮಳೆ ಬೀಳುತ್ತಿದ್ದಾಗ ಒಳಗೆ ಈರಮ್ಮ ಹೆಣ್ಣುಮಗುವನ್ನು ಹೆತ್ತಳು ಎನ್ನುತ್ತಾರೆ. ಹಿತ್ತಲ ಬಾಗಿಲನ್ನೂ ಇಟ್ಟುಕೊಡುತ್ತೇವೆ ಎಂದು ಕೂಲಿಯವರು ಕೇಳಿದಾಗ ಪಿಳ್ಳಮ್ಮ ಬೇಡವೆಂದಳು. ಅಂದಿನಿಂದ ಆ ಜಾಗ ಒಂಟಿಬಾಗಿಲಾಯಿತು.

ಕಾಲ ಕಳೆದು ಬಂಗಲೆಯ ಕಂಬಗಳು ಉರುಳಿದವು. ಅದರ ತಳಪಾಯ ಈಗಿನ ಕ್ಲಬ್‌ಹೌಸಿನ ಕೆಳಗಿದೆ ಎಂದು ಹೇಳುವವರಿದ್ದಾರೆ. ಪಿಳ್ಳಮ್ಮನ ಮಣ್ಣಿನ ಗೋಡೆ ಅದಕ್ಕೂ ಮುಂಚೆಯೇ ಕರಗಿಹೋಗಿರಬೇಕು. ಹೊಸ್ತಿಲು ಉಳಿಯಿತು, ಅದನ್ನು ಬಳಸಿ ನಡೆವ ಕಾಲುದಾರಿ ಉಳಿಯಿತು, ಕಾಲುದಾರಿ ಬಂಡಿದಾರಿಯಾಯಿತು. ಮೊಂತಾಲ್ಬಾದ ನಕ್ಷೆ ಬರೆದವರೂ ರಸ್ತೆಯನ್ನು ನೇರವಾಗಿಯೇ ಎಳೆದಿದ್ದರು. ಸ್ವಾಗತಕೋಣೆಯ ಗಾಜಿನ ಪೆಟ್ಟಿಗೆಯಲ್ಲಿರುವ ಪುಟ್ಟ ಮಾದರಿಯಲ್ಲಿ ಅದು ಇವತ್ತಿಗೂ ನೇರವಾಗಿದೆ. ನೆಲದ ಮೇಲೆ ಹೇಗೆ ಬಾಗಿತೆಂಬುದನ್ನು ಒಬ್ಬೊಬ್ಬರು ಒಂದೊಂದು ಬಗೆಯಾಗಿ ಹೇಳುತ್ತಾರೆ. ಟಿಪ್ಪರುಗಳು ಬಳಸಿಯೇ ಓಡಾಡಿ ಜಾಡು ಬಿದ್ದಿತ್ತು, ಡಾಂಬರು ಜಾಡಿನ ಮೇಲೇ ಬಿತ್ತು ಎಂಬುದು ಹಲವರ ಮಾತು.

ಈಗ ಅಲ್ಲಿನ ಯಾವ ಮನೆಯ ಹೆಣ್ಣುಮಗಳಾದರೂ, ಇಟಲಿ ಸಾಲಿನವಳಿರಲಿ ಫ್ರೆಂಚ್ ಸಾಲಿನವಳಿರಲಿ, ಹೆರಿಗೆಗೆ ಹೊರಡುವ ಮುನ್ನ ಅಲ್ಲಿಗೆ ಬರುತ್ತಾಳೆ. ಚಪ್ಪಲಿ ಆಚೆ ಬಿಟ್ಟು, ಬಲಗಾಲಿಟ್ಟು ಒಳಗೆ ಹೋಗಿ, ಕ್ಷಣಹೊತ್ತು ಕೂತು, ಅದೇ ಬಾಗಿಲಿನಿಂದ ಹೊರಬರುತ್ತಾಳೆ. ನೋಡಲು ಬಂದ ಹೊಸಬರು ಕೆಲವೊಮ್ಮೆ, ಬರಿ ಬಯಲಲ್ಲವೇ ಎಂದು ರಸ್ತೆಯಿಂದ ಅಡ್ಡಹಾಯ್ದು ಕ್ಲಬ್‌ಹೌಸಿನ ಕಡೆ ಹೊರಡುವುದುಂಟು. ಆಗ ತಿರುವಿನಲ್ಲಿ ನಿಂತ ಕಾವಲುಗಾರ ಸೀಟಿ ಊದುತ್ತಾನೆ. ಅವನು ಅಸ್ಸಾಮಿನ ಕಡೆಯವನು. ಅವನಿಗೆ ಬರುವ ಕನ್ನಡ ಇನ್ನೂ ನಾಲ್ಕೈದು ಮಾತು.

"ಮೇಡಂ, ಗೋಡೆ!" ಎನ್ನುತ್ತಾನೆ, ಕೈ ಬೀಸಿ. "ಬಾಗಿಲು ಆ ಕಡೆ."

ಬಂದವರು ಒಮ್ಮೆ ಬಯಲನ್ನೂ ಒಮ್ಮೆ ಅವನನ್ನೂ ನೋಡಿ, ಎತ್ತಿದ ಕಾಲನ್ನು ಹಿಂದಕ್ಕೆ ಇಡುತ್ತಾರೆ.