ಮೊಳೆಗೆ ತೂಗುಹಾಕಿದ ಬಿಲ್ಲೆ

“ಮಾವಾ, ಕಂಪ್ಯೂಟರಿನ ಮೆಮೊರಿಯ ಮೇಲೆ ಅಂಟಿಸಿದ ಚೀಟಿಯಲ್ಲಿ ಒಂದು ವೇಗ ಬರೆದಿದೆ. ಅದನ್ನು ಮೀರಿ ಓಡಿಸುವುದು ತಪ್ಪೇ?”

ಹೀಗೆ ಕೇಳಿದವಳು ಹೇಮಾವತಿ. ಅವಳು ಶಾಂತವೀರಪ್ಪನವರ ಬಳಿ ಕಂಪ್ಯೂಟರ್ ರಿಪೇರಿ ಕಲಿಯುತ್ತಿದ್ದಳು. ಶಿಷ್ಯರೆಲ್ಲ ಅವರನ್ನು ಮಾವ ಎಂದೇ ಕರೆಯುತ್ತಿದ್ದರು. ತಾನು ಒಮ್ಮೆ ಗದರಿದರೆ ವೈರಸ್ಸುಗಳು ಕ್ಷಮೆ ಕೇಳಿ ಹೊರಡುತ್ತವೆ ಎಂದು ಮಾವ ಹೇಳುತ್ತಿದ್ದರು. ಯಾರೂ ನಂಬುತ್ತಿರಲಿಲ್ಲ. ಯಾರೂ ಎದ್ದು ಹೋಗುತ್ತಲೂ ಇರಲಿಲ್ಲ.

ಹೇಮಾವತಿ ಮದುವೆಯ ವಿಡಿಯೊಗಳನ್ನು ಜೋಡಿಸಿಕೊಡುತ್ತಿದ್ದಳು. ಅವಳ ಕಂಪ್ಯೂಟರ್ ಹಳೆಯದು, ತೆವಳುತ್ತಿತ್ತು. ಆಗ ಅದರಲ್ಲಿ ಒಂದು ಮದುವೆ ಇತ್ತು. ಆ ಮದುವೆಯ ಪ್ರತಿ ಬೇರೆಲ್ಲೂ ಇರಲಿಲ್ಲ. ಅದರ ವೇಗ ಏರಿಸಬಹುದೇ ಎಂದು ಕೇಳಿದಾಗ ಕಂಪ್ಯೂಟರ್ ಅಂಗಡಿಯವನು ನಕ್ಕಿದ್ದ. “ವೇಗ ಏರಿಸೋದು ಬಲ್ಲವರ ಕೆಲಸ ಕಣಮ್ಮ. ಇದನ್ನು ಗುಜರಿಗೆ ಹಾಕು, ಹೊಸದು ತಗೋ” ಎಂದಿದ್ದ. ಆ ನಗು ಅವಳನ್ನು ಇನ್ನೂ ಚುಚ್ಚುತ್ತಿತ್ತು.

“ಕೂತ್ಕೋ” ಎಂದರು ಮಾವ. “ಇದು ನಾನು ಕಣ್ಣಾರೆ ಕಂಡ ಕತೆ. ಆಗ ನಾನಿನ್ನೂ ಹುಟ್ಟಿರಲಿಲ್ಲ, ಅದು ಬೇರೆ ಮಾತು.”

ಒಂದೂರಿನಲ್ಲಿ ಒಬ್ಬ ವ್ಯಾಪಾರಿ ಯಾತ್ರಿಕರಿಗಾಗಿ ಅನ್ನಛತ್ರ ನಡೆಸುತ್ತಿದ್ದ. ಅದರ ಉಗ್ರಾಣದಲ್ಲಿ ಒಬ್ಬ ಹೆಂಗಸು ಕೆಲಸಕ್ಕಿದ್ದಳು. ಅಡುಗೆಯವರು ಕೊಟ್ಟ ಡಬ್ಬಿಯನ್ನು ಹೇಳಿದ ಗೂಡಿನಲ್ಲಿ ಇಡುವುದು, ಕೇಳಿದಾಗ ಅದನ್ನೇ ತಂದುಕೊಡುವುದು. ಇಷ್ಟೇ ಅವಳ ಕೆಲಸ. ಅವಳು ಸೇರಿದ ದಿನ ವ್ಯಾಪಾರಿ ಅವಳನ್ನು ಒಂದು ಸುತ್ತು ಓಡಿಸಿ ನೋಡಿದ. ಆ ವೇಗವನ್ನು ಹಿತ್ತಾಳೆಯ ಬಿಲ್ಲೆಯ ಮೇಲೆ ಕೆತ್ತಿಸಿ ಅವಳ ಕೊರಳಿಗೆ ಹಾಕಿದ. ಅಂದಿನಿಂದ ಅವಳು ಬಿಲ್ಲೆ ಹೇಳಿದಷ್ಟೇ ಓಡಿದಳು.

ಯಾತ್ರಿಕರು ಹೆಚ್ಚಾದರು. ಅಡುಗೆಯವರು ಸೌಟು ಹಿಡಿದು ಡಬ್ಬಿಗಾಗಿ ಕಾಯುತ್ತ ನಿಂತರು. ಹಾಗೆ ನಿಂತು ನಿಂತು ಒಬ್ಬನ ಮರದ ಸೌಟಿಗೆ ಗೆದ್ದಲು ಹಿಡಿಯಿತು.

ವ್ಯಾಪಾರಿ ಅವಳನ್ನು ಕರೆದ. “ನಿನ್ನ ಕೈಲಿ ಆಗುತ್ತಿಲ್ಲ. ಪಕ್ಕದೂರಿನಲ್ಲಿ ನಿನಗಿಂತ ದೊಡ್ಡ ಬಿಲ್ಲೆಯವಳಿದ್ದಾಳೆ. ಹುಣ್ಣಿಮೆಯ ಸಂತರ್ಪಣೆಗೆ ಅವಳು ಬರುತ್ತಾಳೆ. ನೀನು ಗಂಟುಮೂಟೆ ಕಟ್ಟು.”

“ಯಜಮಾನರೇ, ಬಿಲ್ಲೆ ಇರುವುದು ನನ್ನ ಕೊರಳಲ್ಲಿ, ಕಾಲಲ್ಲಲ್ಲ. ನಾನು ಎಷ್ಟು ಓಡಬಲ್ಲೆ ಎಂದು ಅದರಲ್ಲಿ ಬರೆದಿಲ್ಲ. ಎಷ್ಟು ಓಡುವವರೆಗೆ ನಿಮ್ಮ ಜವಾಬ್ದಾರಿ ಎಂದು ಬರೆದಿದ್ದೀರಿ, ಅಷ್ಟೇ.”

“ಅದನ್ನು ಮೀರಿ ಕೆಟ್ಟರೆ ನನ್ನನ್ನು ಕೇಳಬೇಡ.”

“ಕೇಳುವುದಿಲ್ಲ” ಎಂದಳು. ಬಿಲ್ಲೆಯನ್ನು ಕಳಚಿ ಬಾಗಿಲ ಬಳಿಯ ಮೊಳೆಗೆ ತೂಗುಹಾಕಿದಳು. ಎಸೆಯಲಿಲ್ಲ.

ಮರುದಿನ ಅವಳು ಸಿಟ್ಟಿನಲ್ಲಿ, ಮೈಯಲ್ಲಿದ್ದ ಬಲವನ್ನೆಲ್ಲ ಹಾಕಿ ಓಡಿದಳು. ಅವಳ ನೆರಳು ಹಿಂದೆ ಬಿದ್ದು ದಾರಿ ಕೇಳಿಕೊಂಡು ಬಂತು. ಅಡುಗೆಯವನು ಜೀರಿಗೆ ಕೇಳಲು ಬಾಯಿ ತೆರೆದರೆ ಡಬ್ಬಿ ಆಗಲೇ ಅವನ ಕೈಯಲ್ಲಿತ್ತು. ಪಾಪ, ಅವನಿಗೆ ಬಾಯಿ ಮುಚ್ಚುವ ಹೊತ್ತೂ ಸಿಗಲಿಲ್ಲ. ಅವಳು ಎಡವಲಿಲ್ಲ. ಒಂದು ಡಬ್ಬಿಯನ್ನೂ ಬೀಳಿಸಲಿಲ್ಲ. ಎಲ್ಲರೂ ಭೇಷ್ ಎಂದರು.

ಪಂಕ್ತಿಯಲ್ಲಿ ಪಾಯಸ ಬಡಿಸಿದರು. ಒಬ್ಬ ಮುದುಕ ಒಂದು ಗುಟುಕು ಕುಡಿದು ಎಲೆ ಬಿಟ್ಟೆದ್ದ. ಅವನ ಹಿಂದೆ ಪಂಕ್ತಿಯೇ ಎದ್ದಿತು. ಸಕ್ಕರೆ ಕೇಳಿದವರಿಗೆ ಅವಳು ಉಪ್ಪು ತಂದುಕೊಟ್ಟಿದ್ದಳು. ಬಿದ್ದಿದ್ದರೆ ಎಲ್ಲರಿಗೂ ಆಗಲೇ ತಿಳಿಯುತ್ತಿತ್ತು. ಅವಳು ಬೀಳಲಿಲ್ಲ. ಸರಿಯಾದ ಡಬ್ಬಿ ತರುವಾಗ ಇದ್ದ ಮುಖದಲ್ಲೇ ತಪ್ಪು ಡಬ್ಬಿಯನ್ನೂ ತಂದಿದ್ದಳು.

ಅವಳು ಬಿಲ್ಲೆಯನ್ನು ಮತ್ತೆ ಹಾಕಿಕೊಂಡಳು. ಆ ದಿನ ಹಳೆಯ ವೇಗದಲ್ಲೇ ಕೆಲಸ ಮುಗಿಸಿದಳು. ತಾನು ಗೆದ್ದೆ ಎಂದುಕೊಂಡ ವ್ಯಾಪಾರಿ. ಬೆಳಗ್ಗೆ ಎದ್ದು ನೋಡಿದರೆ ಬಿಲ್ಲೆ ಮತ್ತೆ ಮೊಳೆಯ ಮೇಲಿತ್ತು.

ಈ ಸಲ ಅವಳು ವೇಗವನ್ನು ಒಂದು ಚೂರು ಮಾತ್ರ ಏರಿಸಿದಳು. ಒಲೆ ಹೊತ್ತಿಸುವ ಮೊದಲೇ ಪ್ರತಿ ಗೂಡಿನಲ್ಲೂ ಡಬ್ಬಿ ಇಟ್ಟು, ಪ್ರತಿ ಗೂಡಿನಿಂದಲೂ ತೆಗೆದು, ಮುಚ್ಚಳ ಬಿಚ್ಚಿ ನಾಲಿಗೆಗೆ ಹಚ್ಚಿ ನೋಡಿದಳು. ಒಂದು ಗೂಡನ್ನೂ ಬಿಡಲಿಲ್ಲ. ಖಾರದಪುಡಿಯನ್ನೂ ಬಿಡಲಿಲ್ಲ. ಅಂದು ಅಡುಗೆಯವರು ಬೆಂಕಿಪೊಟ್ಟಣ ಹುಡುಕಲಿಲ್ಲ. ಅವಳು ಒಮ್ಮೆ ಉಸಿರು ಬಿಟ್ಟಳು, ಒಲೆಗಳೆಲ್ಲ ಹೊತ್ತಿಕೊಂಡವು.

ಎಲ್ಲ ಸರಿಬಂದರೆ ಇನ್ನೊಂದು ಚೂರು ಏರಿಸುವಳು. ಮತ್ತೆ ಮೊದಲ ಗೂಡಿನಿಂದ ರುಚಿ ನೋಡುವಳು. ಅಡುಗೆಯವನೊಬ್ಬ ಒಂದು ಚಮಚ ತುಪ್ಪ ಕೊಟ್ಟ. ಕಾಲಿಗೆ ಕಸುವು ಬಂತು. ಅವನು ಸೌಟಿನ ತುಂಬ ತಂದಾಗ ಅವಳು ಬೇಡವೆಂದಳು. ಮೈ ಆಗಲೇ ಬಿಸಿಯೇರಿತ್ತು. ಉಗ್ರಾಣದ ಕಿಟಕಿ ತೆರೆದಿಟ್ಟಳು.

ಕೊನೆಗೆ ಒಂದು ವೇಗದಲ್ಲಿ, ಮೂಲೆಯ ಗೂಡಿನಿಂದ ಮೆಂತ್ಯದ ಬದಲು ಸಾಸಿವೆ ಬಂತು. ಬಂದದ್ದು ಒಂದೇ ಸಲ. ನೋಡಿದವರು ಯಾರೂ ಇರಲಿಲ್ಲ. ಆದರೂ ಅವಳು ವೇಗದಲ್ಲಿ ಒಂದು ಮೆಟ್ಟಿಲು ಕೆಳಗಿಳಿದಳು. ಅಲ್ಲಿ ಮತ್ತೆ ಎಲ್ಲ ಗೂಡುಗಳ ರುಚಿ ನೋಡಿದಳು. ಆ ವೇಗದಲ್ಲಿ ತಂದ ಸಾಮಾನಿನಿಂದ ಪಾಯಸ ಮಾಡಿಸಿ, ಮೊದಲ ಬಟ್ಟಲನ್ನು ತಾನೇ ಕುಡಿದಳು.

ಹುಣ್ಣಿಮೆ ಬಂತು. ಪಕ್ಕದೂರಿನವಳು ಊಟದ ತಟ್ಟೆಯಷ್ಟು ದೊಡ್ಡ ಬಿಲ್ಲೆ ಕಟ್ಟಿಕೊಂಡು ಬಾಗಿಲಲ್ಲಿ ನಿಂತಳು. ಒಳಗೆ ಯಾವ ಸೌಟೂ ಕಾಯಲಿಲ್ಲ. ಕೇಳಿದ ಡಬ್ಬಿಯೇ ಬಂತು, ಪ್ರತಿ ಸಲವೂ ಬಂತು. ಪಂಕ್ತಿಯವರು ಪಾಯಸ ನೆಕ್ಕಿದ ರಭಸಕ್ಕೆ ಬಾಳೆ ಎಲೆಗಳ ಹಸಿರು ಬಣ್ಣವೇ ಹೋಯಿತು.

ವ್ಯಾಪಾರಿ ಮೊಳೆಯಿಂದ ಬಿಲ್ಲೆ ತೆಗೆದುಕೊಂಡ. “ನೀನೇ ಇರು. ಇದರ ಮೇಲೆ ಹೊಸ ವೇಗ ಕೆತ್ತಿಸುತ್ತೇನೆ.”

“ಕೆತ್ತಿಸಬೇಡಿ. ಸೆಕೆ ಹೆಚ್ಚಾದರೆ ನಾನು ಮತ್ತೆ ರುಚಿ ನೋಡಬೇಕು. ಹಳೆಯದು ಮೊಳೆಯ ಮೇಲೇ ಇರಲಿ, ಕೆಟ್ಟ ದಿನ ಬೇಕಾಗುತ್ತದೆ.”

ಬಾಗಿಲಲ್ಲಿ ನಿಂತವಳು ತನ್ನ ಬಿಲ್ಲೆಯನ್ನು ನೋಡಿಕೊಂಡಳು. ಆಮೇಲೆ ಒಂದು ಮೊಳೆ, ಒಂದು ಸುತ್ತಿಗೆ ಕೇಳಿದಳು.

ಮಾವ ಕತೆ ನಿಲ್ಲಿಸಿದರು. ಹೇಮಾವತಿ ಎದ್ದೇಬಿಟ್ಟಳು.

“ಇವತ್ತೇ ಏರಿಸ್ತೀನಿ ಮಾವಾ. ಯಂತ್ರ ಏಳದಿದ್ದರೆ ಬೋರ್ಡಿನ ಗುಂಡು ಬ್ಯಾಟರಿ ತೆಗೆದು ಮತ್ತೆ ಹಾಕಿದರಾಯಿತು, ಹಳೆಯ ವೇಗಕ್ಕೆ ಬರುತ್ತೆ. ನನ್ನ ಮೊಳೆ ಅದು. ಯಂತ್ರ ಎದ್ದರೆ ನಾನು ಗೆದ್ದ ಹಾಗೆ. ಈ ಮದುವೆಯನ್ನು ಇದರಲ್ಲೇ ಮುಗಿಸಿ ಆ ಅಂಗಡಿಯವನ ಮುಂದೆ ಇಡ್ತೀನಿ, ನಗಲಿ ನೋಡೋಣ!”

“ಏರಿಸು” ಎಂದರು ಮಾವ, “ಆದರೆ ಮೊದಲ ಪಾಯಸ ನಿನ್ನ ಬಾಯಿಗೆ, ಆ ಮದುಮಕ್ಕಳ ಎಲೆಗಲ್ಲ.”

ಹೇಮಾವತಿ ಮದುವೆಯಿದ್ದ ಡಿಸ್ಕನ್ನು ಯಂತ್ರದಿಂದ ಬಿಚ್ಚಿ ಅವರ ಕೈಗಿಟ್ಟಳು.